ಸ್ತ್ರೀಯರ ಆರೋಗ್ಯ ಮತ್ತು ಮುಂಜಾಗ್ರತೆ

ಆಯುರ್ವೇದ ಶಾಸ್ತ್ರವು ತನ್ನ ಪ್ರಯೋಜನವನ್ನು ಎರಡಾಗಿ ವಿಂಗಡಿಸುತ್ತದೆ. ಸ್ವಸ್ಥರ ಸ್ವಾಸ್ಥ್ಯವನ್ನು ಕಾಪಾಡುವುದು ಮೊದಲನೆಯದು. ರೋಗಿಯ ರೋಗವನ್ನು ಶಮನಗೊಳಿಸುವುದು ಎರಡನೆಯದು. ಈ ಅನುಕ್ರಮವು ಅರ್ಥಪೂರ್ಣವಾದುದು. ಆದರೆ ಲೋಕವ್ಯವಹಾರದಲ್ಲಿ, ಅದರಲ್ಲಿಯೂ ಸ್ತ್ರೀಯರ ವಿಷಯದಲ್ಲಿ, ಮೊದಲನೆಯದು ಮರೆತೇ ಹೋಗಿದೆ; ಎರಡನೆಯದೂ ಬಹುಮಟ್ಟಿಗೆ ಕಾಲ ಮೀರಿದ ಮೇಲೆ ನಡೆಯುತ್ತದೆ. ಮನೆಯವರೆಲ್ಲರ ಜ್ವರಕ್ಕೂ ಕಷಾಯ ಕಾಯಿಸುವ ಗೃಹಿಣಿಯು ತನ್ನ ಸೊಂಟನೋವನ್ನು ವರ್ಷಗಟ್ಟಲೆ ನುಂಗಿಕೊಂಡಿರುವುದನ್ನು ಕಾಣದ ಮನೆಯೇ ವಿರಳ.

ಕನ್ನಡದಲ್ಲಿ ವೈದ್ಯವನ್ನು ಬರೆಯುವ ಪದ್ಧತಿ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸಿದರು. ಅನಂತರ ಶ್ರೀಧರದೇವನ ‘ವೈದ್ಯಾಮೃತ’ವೂ ಬಂದಿತು. ಸಂಸ್ಕೃತದಲ್ಲಿದ್ದ ಶಾಸ್ತ್ರವು ನಾಡವರಿಗೆ ನಾಡನುಡಿಯಲ್ಲಿಯೇ ದೊರೆಯಬೇಕೆಂಬುದು ಆ ಕವಿಗಳ ಆಶಯವಾಗಿದ್ದಿರಬೇಕು. ಇಂದು ಆಸ್ಪತ್ರೆಯ ಚೀಟಿಗಳು ಇಂಗ್ಲಿಷಿನಲ್ಲಿರುವಾಗ ಆ ಆಶಯವನ್ನು ಮುಂದುವರಿಸುವ ಹೊಣೆ ಶಾಲೆಗಳದು, ಶಿಕ್ಷಕರದು. ಆ ದೃಷ್ಟಿಯಿಂದ ಸ್ತ್ರೀಯರನ್ನು ಸಾಮಾನ್ಯವಾಗಿ ಬಾಧಿಸುವ ಕೆಲವು ರೋಗಗಳನ್ನೂ ಅವುಗಳನ್ನು ತಡೆಯುವ ಮಾರ್ಗಗಳನ್ನೂ ಈ ಲೇಖನದಲ್ಲಿ ವಿವೇಚಿಸಲಾಗಿದೆ.

ನುಡಿಯ ಸಂಕೋಚ

ರೋಗವನ್ನು ಹೇಳಿಕೊಳ್ಳಲು ಮಾತು ಬೇಕು. ಕನ್ನಡದಲ್ಲಿ ಸ್ತ್ರೀಶರೀರಕ್ಕೆ ಸಂಬಂಧಿಸಿದ ಮಾತುಗಳಿಗೆ ಕೊರತೆಯಿಲ್ಲ. ಹುಡುಗಿ ‘ಮೈನೆರೆಯುತ್ತಾಳೆ’, ‘ದೊಡ್ಡವಳಾಗುತ್ತಾಳೆ’. ಬಸುರಿಗೆ ‘ಬಯಕೆ’ ಹುಟ್ಟುತ್ತದೆ. ‘ಸೂಲು’ ಎಂದರೆ ಹೆರಿಗೆ, ಅದನ್ನು ಮಾಡಿಸುವವಳು ‘ಸೂಲಗಿತ್ತಿ’. ಒಕ್ಕಲಗಿತ್ತಿ, ಹೂವಾಡಗಿತ್ತಿ ಎಂಬಲ್ಲಿರುವ ಪ್ರತ್ಯಯವೇ ಇಲ್ಲಿಯೂ ಇದೆ. ಸಂತೋಷಕ್ಕೆ ಸಂಬಂಧಿಸಿದ ಮಾತುಗಳು ಹೀಗೆ ಸ್ಪಷ್ಟವಾಗಿಯೂ ಸುಂದರವಾಗಿಯೂ ಇವೆ. ಆದರೆ ಬಾಧೆಯ ಪ್ರಸಂಗ ಬಂದೊಡನೆ ನುಡಿ ಮರೆಗೆ ಸರಿಯುತ್ತದೆ. ‘ಹೊರಗಾಗುವುದು’, ‘ಹೊರಗೆ ಕೂರುವುದು’ ಎಂಬ ಮಾತುಗಳಲ್ಲಿ ಶರೀರದ ಸಹಜ ಧರ್ಮವೊಂದು ಬಹಿಷ್ಕಾರದ ಹೆಸರನ್ನು ಹೊತ್ತಿದೆ. ಬಿಳಿಸೆರಗು, ಉರಿಮೂತ್ರ, ಗರ್ಭಕೋಶ ಜಾರುವುದು ಮೊದಲಾದುವನ್ನು ಗಂಡನ ಮುಂದಿರಲಿ, ಹೆತ್ತ ತಾಯಿಯ ಮುಂದೆಯೂ ಹೇಳಲಾಗದೆ ‘ಯಾಕೋ ಮೈಯಲ್ಲಿ ಚೆನ್ನಾಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಹೆಂಗಸರು ಅನೇಕರು. ಹೀಗೆ ಮುಚ್ಚಿಟ್ಟ ರೋಗವು ಬೆಳೆಯುತ್ತದೆಯೇ ಹೊರತು ಅಡಗುವುದಿಲ್ಲ. ಆದುದರಿಂದ ಮುಂಜಾಗ್ರತೆಯ ಮೊದಲ ಪಾಠ ಔಷಧದ್ದಲ್ಲ, ಮಾತಿನದು.

ರಕ್ತಹೀನತೆ

ಸ್ತ್ರೀಯರ ಬಾಧೆಗಳಲ್ಲಿ ಅತಿ ವ್ಯಾಪಕವಾದುದು ರಕ್ತಹೀನತೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೪೭.೮ ಮಂದಿ ರಕ್ತಹೀನರು. ಅದರ ಹಿಂದಿನ, ೨೦೧೫–೧೬ರ ಸಮೀಕ್ಷೆಯಲ್ಲಿ ಈ ಸಂಖ್ಯೆ ೪೪.೮ ಆಗಿತ್ತು. ರಸ್ತೆ, ವಿದ್ಯುತ್ತು, ಶಾಲೆ ಎಲ್ಲವೂ ಹೆಚ್ಚಿದ ಅವಧಿಯಲ್ಲಿ ಹೆಂಗಸರ ಮೈಯ ರಕ್ತ ಮಾತ್ರ ಕಡಿಮೆಯಾಯಿತೆಂಬುದು ಚಿಂತಿಸಬೇಕಾದ ಸಂಗತಿ.

ರಕ್ತದ ಪ್ರತಿ ನೂರು ಮಿಲಿಲೀಟರಿನಲ್ಲಿ ಹಿಮೋಗ್ಲೋಬಿನ್ ೧೨ ಗ್ರಾಮಿಗಿಂತ, ಗರ್ಭಿಣಿಯಲ್ಲಿ ೧೧ ಗ್ರಾಮಿಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆಯೆನ್ನುವರು. ಗರ್ಭಿಣಿಯಲ್ಲಿ ೭ ಗ್ರಾಮಿಗಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ಸ್ಥಿತಿ. ಮೆಟ್ಟಿಲು ಹತ್ತುವಾಗ ಏದುಸಿರು, ಕಣ್ಣು ಕತ್ತಲಿಡುವುದು, ಸದಾ ಆಯಾಸ, ಕಣ್ಣಿನ ಕೆಳರೆಪ್ಪೆಯ ಒಳಭಾಗವೂ ಉಗುರೂ ಬಿಳಿಚಿಕೊಳ್ಳುವುದು, ಮಣ್ಣು ಬಳಪಗಳನ್ನು ತಿನ್ನಬೇಕೆನಿಸುವುದು ಇದರ ಲಕ್ಷಣಗಳು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿಯೆಂದು ಗದರಿಸುವ ಮೊದಲು ಶಿಕ್ಷಕರು ಅವಳ ಕಣ್ಣರೆಪ್ಪೆಯನ್ನೊಮ್ಮೆ ನೋಡುವುದು ಲೇಸು.

ಕಾರಣಗಳು ಹಲವು. ತಿಂಗಳು ತಿಂಗಳೂ ನಷ್ಟವಾಗುವ ರಕ್ತವನ್ನು ಆಹಾರ ತುಂಬಿಕೊಡಬೇಕು. ಆದರೆ ಗಂಡಸರೂ ಮಕ್ಕಳೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದುದನ್ನು ಉಣ್ಣುವ ಪದ್ಧತಿಯಿಂದ ಹೆಂಗಸಿಗೆ ಅನ್ನ ಸಿಕ್ಕೀತು, ಪಲ್ಯ ಸಿಗದು. ಬರಿಗಾಲಿನಲ್ಲಿ ನಡೆಯುವವರ ಪಾದದ ಮೂಲಕ ಒಳಹೊಕ್ಕು ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಕೊಕ್ಕೆಹುಳು ಮತ್ತೊಂದು ಕಾರಣ. ಊಟವಾದೊಡನೆ ಕುಡಿಯುವ ಕಾಫಿ ಚಹಗಳು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಶಾಕಾಹಾರಿಗಳಿಗೆ ಇನ್ನೊಂದು ಎಚ್ಚರ ಅಗತ್ಯ. ಸೊಪ್ಪು ಕಾಳುಗಳ ಕಬ್ಬಿಣಾಂಶವು ತಾನಾಗಿ ಅಷ್ಟು ಸುಲಭವಾಗಿ ರಕ್ತಗತವಾಗುವುದಿಲ್ಲ. ನಿಂಬೆ, ನೆಲ್ಲಿ, ಸೀಬೆಗಳಂಥ ಹುಳಿಹಣ್ಣುಗಳ ಸಹಾಯ ಅದಕ್ಕೆ ಬೇಕು. ರಕ್ತವೃದ್ಧಿಗೆ ಬೇಕಾದ ಬಿ–೧೨ ಜೀವಸತ್ವವೂ ಶಾಕಾಹಾರದಲ್ಲಿ ಹಾಲು ಮೊಸರುಗಳಿಂದಲೇ ದೊರೆಯತಕ್ಕದ್ದು. ಅವು ಮನೆಯ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಬಾರದು.

ಬೆಂಗಳೂರಿನ ಉತ್ತರಭಾಗದ ಸೀಮೆಯಲ್ಲಿ ಇದಕ್ಕೆ ಪರಿಹಾರ ಅಡುಗೆಮನೆಯಲ್ಲಿಯೇ ಇತ್ತು. ಯಲಹಂಕ, ಹೆಬ್ಬಾಳ, ಜಕ್ಕೂರುಗಳ ಸುತ್ತಲಿನ ಹೊಲಗಳು ಬಡಾವಣೆಗಳಾಗುವ ಮುನ್ನ ರಾಗಿ, ಅವರೆ, ಹುರುಳಿಗಳನ್ನು ಬೆಳೆದವು. ಹೊಲದ ಬದುವಿನಲ್ಲಿ ಸಿಕ್ಕಿದ ಬೆರಕೆಸೊಪ್ಪಿನಿಂದ ಮಸ್ಸೊಪ್ಪು, ಹುರುಳಿಯಿಂದ ಬಸ್ಸಾರು ಆಗುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಪಾಲಿಶು ಮಾಡಿದ ಅಕ್ಕಿಯಲ್ಲಿರುವುದು ಸುಮಾರು ಹತ್ತು ಮಿಲಿಗ್ರಾಂ ಮಾತ್ರ. ರಾಗಿಯ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತಬೇಕಾದರೆ ಅದನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ಹಳೆಯ ಪದ್ಧತಿ ಒಳ್ಳೆಯದು. ಕಿರುಧಾನ್ಯಗಳನ್ನು ಕುರಿತ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರವು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆಯೇ ಇದೆ. ವಿದ್ಯೆ ಹೀಗೆ ಮನೆಬಾಗಿಲಿನಲ್ಲಿರುವಾಗ ಮುದ್ದೆಯು ಬಡವರ ಊಟವೆಂಬ ಕೀಳುಭಾವನೆಯನ್ನು ಮಕ್ಕಳಲ್ಲಿ ಬೆಳೆಸುವುದು ಸಲ್ಲದು.

ಆದರೂ ರಕ್ತ ತೀರ ಕಡಿಮೆಯಾದವರಿಗೆ ಆಹಾರವೊಂದೇ ಸಾಲದು. ಮಾತ್ರೆ ಬೇಕೇ ಬೇಕು. ಕಿಶೋರಿಯರಿಗೆ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ಶಾಲೆಗಳಲ್ಲಿಯೇ ಕೊಡುವ ಕಾರ್ಯಕ್ರಮವಿದೆ. ಜಂತುಹುಳು ನಿವಾರಣೆಯ ಮಾತ್ರೆಯನ್ನು ೨೦೧೫ರಿಂದ ರಾಷ್ಟ್ರೀಯ ದಿನವೊಂದನ್ನು ಗೊತ್ತುಮಾಡಿ ಹಂಚಲಾಗುತ್ತಿದೆ. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ, ಕಾಫಿ ಚಹಗಳಿಂದ ದೂರವಿಟ್ಟು ಸೇವಿಸಬೇಕು. ಮಲ ಕಪ್ಪಾಗುವುದು ಸಹಜ, ಹೆದರಬೇಕಾದುದಿಲ್ಲ. ಈ ಒಂದು ಮಾತನ್ನು ಶಿಕ್ಷಕಿಯು ಮುಂಚಿತವಾಗಿ ಹೇಳಿದರೆ ಮಾತ್ರೆಗಳು ಕಿಟಕಿಯ ಹೊರಗೆ ಬೀಳುವುದು ತಪ್ಪುತ್ತದೆ.

ಮುಟ್ಟು ಮತ್ತು ಸೂತಕ

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲವೆಂಬುದು ಸರ್ವವಿದಿತ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಈ ಐದರಲ್ಲಿ ಎರಡು ನೇರವಾಗಿ ಸ್ತ್ರೀಶರೀರಕ್ಕೆ ಸಂಬಂಧಿಸಿದುವು. ಇಷ್ಟಲಿಂಗವು ಸದಾ ಅಂಗದ ಮೇಲಿರುವಾಗ ಪೂಜೆಗೆ ಹೊರತಾದ ದಿನವೆಂಬುದು ಆಕೆಗೆ ಇರಲು ಸಾಧ್ಯವಿಲ್ಲ. ತತ್ತ್ವ ಹೀಗಿದ್ದರೂ ಶರಣರ ಹೆಸರು ಹೇಳುವ ಎಷ್ಟೋ ಮನೆಗಳಲ್ಲಿ ಮುಟ್ಟಾದವಳಿಗೆ ಬೇರೆ ಚಾಪೆ, ಬೇರೆ ಲೋಟ ಇಂದಿಗೂ ತಪ್ಪಿಲ್ಲ. ೨೦೨೩ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ನೆಪದಿಂದ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆಗಾಳಿಯ ಶೀತಕ್ಕೆ ಸಿಕ್ಕಿ ಅಸುನೀಗಿತು. ಇದನ್ನು ಒಂದು ಜನಾಂಗದ ದೋಷವೆಂದು ಬಗೆದು ಕೈತೊಳೆದುಕೊಳ್ಳುವುದು ಸುಲಭ. ಗುಡಿಸಲು ಊರ ಹೊರಗಿರಲಿ, ಮನೆಯ ಹಿತ್ತಲಿನಲ್ಲಿರಲಿ, ಭಾವನೆಯ ಬೇರು ಒಂದೇ ಎಂಬುದನ್ನು ಮರೆಯಲಾಗದು.

ವೈದ್ಯದೃಷ್ಟಿಯಿಂದ ಈ ದಿನಗಳಲ್ಲಿ ಬೇಕಾದುದು ಶುಚಿತ್ವ, ಪುಷ್ಟಿ, ವಿಶ್ರಾಂತಿ. ಬಟ್ಟೆಯನ್ನು ಬಳಸುವವರು ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒಣಹಾಕಿದ ಬಟ್ಟೆ ಸೋಂಕಿನ ತವರು. ಕೊಂಡ ಪ್ಯಾಡುಗಳನ್ನಾದರೂ ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬದಲಿಸಬೇಕು. ಶಾಲಾಬಾಲಕಿಯರಿಗೆ ಪ್ಯಾಡುಗಳನ್ನು ಉಚಿತವಾಗಿ ಒದಗಿಸಲು ರಾಜ್ಯ ಸರ್ಕಾರವು ‘ಶುಚಿ’ ಯೋಜನೆಯನ್ನು ರೂಪಿಸಿತು. ನಡುವೆ ಕೆಲವು ವರ್ಷ ನಿಂತುಹೋದಾಗ ಅದರ ಅಗತ್ಯವೆಷ್ಟೆಂಬುದು ಎಲ್ಲರಿಗೂ ಮನವರಿಕೆಯಾಯಿತು. ದುಡಿಯುವ ಸ್ತ್ರೀಯರಿಗೆ ವರ್ಷಕ್ಕೆ ೧೨ ದಿನಗಳ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟವು ೨೦೨೫ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಏಳು ದಿನಗಳನ್ನು ಮೀರಿದ ಸ್ರಾವ, ಹೆಪ್ಪುಹೆಪ್ಪಾಗಿ ಹೋಗುವ ನೆತ್ತರು, ಎದ್ದು ನಿಲ್ಲಲಾಗದಂಥ ಹೊಟ್ಟೆನೋವು, ತಿಂಗಳುಗಟ್ಟಲೆ ಮುಟ್ಟು ತಪ್ಪುವುದು — ಇವು ಮಾತ್ರ ಸಹಜವಲ್ಲ, ವೈದ್ಯರಿಗೆ ತೋರಿಸತಕ್ಕವು.

ಬಸಿರು, ಹೆರಿಗೆ, ಬಾಣಂತನ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಈ ಪ್ರಸಂಗದಲ್ಲಿ ಸ್ಮರಣೀಯವಾದುದು. ಅಕ್ಷರವನ್ನರಿಯದ ಆ ತಾಯಿ ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಹಣ ಪಡೆಯದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಇಂಥವರ ಕೈಗುಣವೇ ಹಳ್ಳಿಗಳನ್ನು ಕಾಪಾಡಿತು. ಆದರೆ ಅಂಥ ಕೈಗೂ ರಕ್ತಸ್ರಾವವನ್ನು ತುಂಬಿಕೊಡುವ ಸಾಧನವಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಆಸ್ಪತ್ರೆಯ ಹೆರಿಗೆ ರೂಢಿಯಾದುದರ ಫಲವನ್ನು ಅಂಕಿಗಳೇ ಹೇಳುತ್ತವೆ. ಕರ್ನಾಟಕದಲ್ಲಿ ೨೦೦೧–೦೩ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ವೇಳೆಗೆ ಆ ಸಂಖ್ಯೆ ೬೯ಕ್ಕೆ ಇಳಿಯಿತು. ೧೯೩೫ರಲ್ಲಿ ಆರಂಭವಾದ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಂಥ ಹಳೆಯ ಸಂಸ್ಥೆಗಳು, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು, ೨೦೦೮ರಲ್ಲಿ ಬಂದ ೧೦೮ ಆಂಬುಲೆನ್ಸ್, ೨೦೧೭ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲಾರಂಭಿಸಿದ ಮಾತೃಪೂರ್ಣ ಯೋಜನೆ — ಎಲ್ಲವೂ ಇದರಲ್ಲಿ ಪಾಲುಗೊಂಡಿವೆ.

ಗರ್ಭ ನಿಂತುದು ತಿಳಿದೊಡನೆ ಹೆಸರು ಬರೆಯಿಸಿ ತಾಯಿ ಕಾರ್ಡು ಪಡೆಯುವುದು, ಕನಿಷ್ಠ ನಾಲ್ಕು ಬಾರಿ ತಪಾಸಣೆ ಮಾಡಿಸುವುದು, ೧೮೦ ದಿನ ಕಬ್ಬಿಣದ ಮಾತ್ರೆ ಸೇವಿಸಿ ಹೆರಿಗೆಯ ನಂತರವೂ ಅಷ್ಟೇ ದಿನ ಮುಂದುವರಿಸುವುದು ಮುಖ್ಯ. ಮುಖ ಕೈಗಳ ಊತ, ಬಿಡದ ತಲೆನೋವು, ಕಣ್ಣು ಮಂಜಾಗುವುದು ಇವು ರಕ್ತದೊತ್ತಡ ಏರಿ ನಂಜು ತಲೆದೋರುವ ಸೂಚನೆಗಳು. ಗರ್ಭಿಣಿಯಲ್ಲಿ ಹೊಸದಾಗಿ ಕಾಣಿಸುವ ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿಯೇ ತಿಳಿಯಬೇಕು. ಬಾಣಂತಿಗೆ ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ, ತುಪ್ಪಗಳ ಪಥ್ಯ ಒಳ್ಳೆಯದೇ. ಆದರೆ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರನ್ನು ತಡೆಯುವುದು, ಸೊಪ್ಪು ಹಣ್ಣುಗಳನ್ನು ದೂರವಿಡುವುದು ತಪ್ಪು. ಇದರಿಂದ ತಾಯಿ ಸೊರಗುತ್ತಾಳೆ. ಮೊದಲ ಒಂದು ಗಂಟೆಯೊಳಗೆ ಕೂಸಿಗೆ ಮೊಲೆಹಾಲು ಕೊಡಬೇಕು. ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು. ಮಗು ಹುಟ್ಟಿದ ಮೇಲೆ ಕಾರಣವಿಲ್ಲದೆ ಅಳುವ, ನಿದ್ರೆಗೆಟ್ಟ ಬಾಣಂತಿಗೆ ಗಾಳಿ ಹಿಡಿದಿದೆಯೆಂದು ತಾಯಿತ ಕಟ್ಟಿಸುವ ಬದಲು ವೈದ್ಯರ ನೆರವು ಕೊಡಿಸುವುದು ಮನುಷ್ಯತ್ವ.

ದುಡಿಮೆ, ನೀರು, ಶೌಚ

ಯಶವಂತಪುರ, ಪೀಣ್ಯಗಳ ಸುತ್ತಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರಲ್ಲಿ ಬಹುಪಾಲು ಹೆಂಗಸರು. ಆರ್.ಟಿ. ನಗರವೆಂದೇ ಪ್ರಸಿದ್ಧವಾದ ರವೀಂದ್ರನಾಥ ಠಾಗೂರ್ ನಗರದ ಮನೆಗಳಲ್ಲಿ ಕಸಮುಸುರೆ ಮಾಡಲು ಬೆಳಗಿನಿಂದ ಮನೆಯಿಂದ ಮನೆಗೆ ತಿರುಗುವವರೂ ಅನೇಕರು. ಇವರಿಗೆಲ್ಲ ಒಂದು ಕಷ್ಟ ಸಮಾನ: ಬೇಕೆಂದಾಗ ಶೌಚಕ್ಕೆ ಹೋಗುವ ಅನುಕೂಲವಿಲ್ಲ. ಅದಕ್ಕಾಗಿ ನೀರನ್ನೇ ಕುಡಿಯುವುದಿಲ್ಲ. ಹೀಗೆ ನೀರು ಕುಡಿಯದೆ ಮೂತ್ರವನ್ನು ತಡೆಹಿಡಿಯುವುದರಿಂದ ಉರಿಮೂತ್ರ ಬರುತ್ತದೆ. ಅಲಕ್ಷಿಸಿದರೆ ಸೋಂಕು ಮೂತ್ರಪಿಂಡದವರೆಗೆ ಏರಿ ಚಳಿಜ್ವರ, ಬೆನ್ನುನೋವುಗಳನ್ನು ತರುತ್ತದೆ. ಶಾಲೆಯ ಹುಡುಗಿಯರ ಪಾಡೂ ಇದೇ. ಶೌಚಾಲಯಕ್ಕೆ ಬಾಗಿಲಿಲ್ಲ, ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ನೀರಿಲ್ಲವೆಂದಾದರೆ ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಾಳೆ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ.

ಅರ್ಬುದದ ಎಚ್ಚರ

ಕರ್ನಾಟಕದಲ್ಲಿ ಅರ್ಬುದ ರೋಗದ ಚಿಕಿತ್ಸೆಗೆ ಮೀಸಲಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅಲ್ಲಿ ೧೯೮೨ರಿಂದ ನಗರದ ಅರ್ಬುದ ರೋಗಿಗಳ ದಾಖಲಾತಿ ನಡೆಯುತ್ತಿದೆ. ಮೊದಲ ವರ್ಷಗಳಲ್ಲಿ ಸ್ತ್ರೀಯರಲ್ಲಿ ಗರ್ಭಕೊರಳಿನ ಅರ್ಬುದವೇ ಅಗ್ರಸ್ಥಾನದಲ್ಲಿದ್ದಿತು; ಕಾಲಕ್ರಮದಲ್ಲಿ ಅದು ತಗ್ಗಿ ಸ್ತನದ ಅರ್ಬುದವು ಮುಂದಾಯಿತು.

ಗರ್ಭಕೊರಳಿನ ಅರ್ಬುದವು ಹೆಚ್ಚಾಗಿ ಎಚ್.ಪಿ.ವಿ. ಎಂಬ ವೈರಾಣುವಿನಿಂದ ಬರತಕ್ಕದ್ದು. ಸೋಂಕು ತಗಲಿದಂದಿನಿಂದ ಅರ್ಬುದವಾಗಲು ಹತ್ತು ಹದಿನೈದು ವರ್ಷಗಳೇ ಹಿಡಿಯುತ್ತವೆ. ರೋಗವು ಇಷ್ಟು ದೀರ್ಘವಾದ ಅವಕಾಶವನ್ನು ಕೊಟ್ಟರೂ ಮನುಷ್ಯರು ಅದನ್ನು ಬಳಸಿಕೊಳ್ಳುವುದಿಲ್ಲ. ಮೂವತ್ತು ವರ್ಷ ದಾಟಿದ ಸ್ತ್ರೀಯರು ಐದು ವರ್ಷಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ಸರ್ಕಾರದ ನಿಯಮ. ಹುಳಿಯಾಮ್ಲವನ್ನು ಹಚ್ಚಿ ನೋಡುವ ಸರಳ ವಿಧಾನವಿದೆ. ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯೂ ಇದೆ. ಎರಡೂ ಕೆಲವೇ ನಿಮಿಷಗಳ ಕೆಲಸ. ಆದರೂ ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೩೦ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರಲ್ಲಿ ನಾಚಿಕೆಯಿಂದ ಹೋಗದವರೆಷ್ಟೋ, ಕೇಳಿಯೇ ತಿಳಿಯದವರೆಷ್ಟೋ! ಈ ವೈರಾಣುವಿಗೆ ಲಸಿಕೆಯೂ ಇದೆ. ಒಂಬತ್ತರಿಂದ ಹದಿನಾಲ್ಕರ ವಯಸ್ಸು ಅದಕ್ಕೆ ಪ್ರಶಸ್ತ. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಭಾರತೀಯ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು. ಲಸಿಕೆಯ ವಯಸ್ಸು ಶಾಲೆಯ ವಯಸ್ಸೇ ಆಗಿರುವುದನ್ನು ಪೋಷಕರೂ ಶಿಕ್ಷಕರೂ ಗಮನಿಸಬೇಕು.

ಸ್ತನದ ವಿಷಯದಲ್ಲಿ, ಪ್ರತಿ ತಿಂಗಳು ಮುಟ್ಟು ಮುಗಿದ ಕೆಲವು ದಿನಗಳಿಗೆ ಕನ್ನಡಿಯ ಮುಂದೆ ನಿಂತು ನೋಡಿ, ಬೆರಳುಗಳಿಂದ ಮುಟ್ಟಿ ತನ್ನ ದೇಹದ ಪರಿಚಯವನ್ನು ತಾನೇ ಮಾಡಿಕೊಳ್ಳುವುದು ಒಳ್ಳೆಯದು. ನೋವಿಲ್ಲದ ಗಂಟು, ಚರ್ಮದ ಕುಳಿ, ತೊಟ್ಟು ಒಳಕ್ಕೆ ಸೇರುವುದು ಅಥವಾ ಅದರಿಂದ ರಕ್ತ ಬರುವುದು ಕಂಡರೆ ತಡಮಾಡಬಾರದು. ನೋವಿಲ್ಲವೆಂದು ಸುಮ್ಮನಿರುವುದೇ ಇಲ್ಲಿಯ ದೊಡ್ಡ ಅಪಾಯ. ಎಲ್ಲ ಗಂಟುಗಳೂ ಅರ್ಬುದವಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ನಿರ್ಣಯಿಸತಕ್ಕವರು ವೈದ್ಯರು.

ನಡುವಯಸ್ಸು

ನಲವತ್ತೈದರಿಂದ ಐವತ್ತರ ನಡುವೆ ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ. ಆಗ ಮೈ ಬಿಸಿಯೇರುವುದು, ಬೆವರು, ನಿದ್ರಾಭಂಗ, ಸಿಡುಕು ಕಾಣಿಸಿಕೊಳ್ಳಬಹುದು. ಇದು ರೋಗವಲ್ಲ, ಮನೆಯವರ ಸಹನೆಯೇ ಇದಕ್ಕೆ ಅರ್ಧ ಔಷಧ. ಆದರೆ ಪೂರ್ತಿ ನಿಂತು ಒಂದು ವರ್ಷವಾದ ಮೇಲೆ ಪುನಃ ರಕ್ತ ಕಂಡರೆ, ಅದು ಒಂದು ಹನಿಯಾದರೂ, ಪರೀಕ್ಷಿಸಲೇಬೇಕು. ಈ ವಯಸ್ಸಿನಿಂದ ಎಲುಬುಗಳು ಟೊಳ್ಳಾಗತೊಡಗುತ್ತವೆ. ರಾಗಿ, ಹಾಲು, ಎಳ್ಳು, ನುಗ್ಗೆಸೊಪ್ಪು, ಬಿಸಿಲು, ನಡಿಗೆ ಇವು ಎಲುಬಿಗೆ ಬಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷಗಳನ್ನು ವರ್ಷಕ್ಕೊಮ್ಮೆ ನೋಡಿಸುವುದು ಕ್ಷೇಮ.

ಇನ್ನೊಂದು ಮಾತು ಅತ್ಯವಶ್ಯ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವಳಿಗೆ ಗರ್ಭಕೋಶವನ್ನೇ ತೆಗೆದುಹಾಕಿಬಿಡುವ ದುರಭ್ಯಾಸವೊಂದು ನಾಡಿನಲ್ಲಿ ಬೆಳೆದಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಸ್ತ್ರೀಯರಿಗೆ ಹೀಗೆ ಅನಗತ್ಯ ಶಸ್ತ್ರಕ್ರಿಯೆಗಳು ನಡೆದುದು ೨೦೧೫ರಲ್ಲಿ ಬೆಳಕಿಗೆ ಬಂದು, ಆ ತಾಯಂದಿರು ನ್ಯಾಯಕ್ಕಾಗಿ ಬೀದಿಗಿಳಿದರು. ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಂಗೀಕರಿಸಬೇಕೆಂದು ಆದೇಶಿಸಿತು. ಹೆರಿಗೆ ಮುಗಿದ ಮೇಲೆ ಗರ್ಭಕೋಶ ಬೇಡದ ವಸ್ತುವೆಂಬ ಮಾತು ಸುಳ್ಳು. ಶಸ್ತ್ರಕ್ರಿಯೆಯೆಂದೊಡನೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಅದು ಅವಿಶ್ವಾಸವಲ್ಲ, ವಿವೇಕ.

ಶಾಲೆಯ ಪಾಲು

ಮೇಲೆ ಹೇಳಿದ ಬಾಧೆಗಳಲ್ಲಿ ಬಹಳಷ್ಟಕ್ಕೆ ತಡೆ ಹಾಕುವ ಸ್ಥಳ ಆಸ್ಪತ್ರೆಗಿಂತ ಮೊದಲು ಶಾಲೆಯೇ. ಶಿಕ್ಷಕಿಯರು ತಿಂಗಳಿಗೊಂದು ಅವಧಿಯನ್ನು ಹುಡುಗಿಯರೊಡನೆ ಮುಕ್ತವಾಗಿ ಮಾತನಾಡಲು ಮೀಸಲಿಡಬಹುದು. ಹುಡುಗರಿಗೂ ಈ ಪಾಠ ಬೇಕು, ಏಕೆಂದರೆ ನಾಳಿನ ಗಂಡಂದಿರೂ ಮೇಲಧಿಕಾರಿಗಳೂ ಅವರೇ. ವರ್ಷಕ್ಕೆ ಎರಡು ಬಾರಿ ರಕ್ತಪರೀಕ್ಷೆ ಮಾಡಿಸಿ ಪ್ರತಿ ಹುಡುಗಿಯ ಅಂಕವನ್ನು ತಾಯಿಗೆ ತಿಳಿಸಿದರೆ ಆ ತಾಯಿ ತನ್ನ ರಕ್ತದ ಬಗೆಗೂ ಕೇಳಿಯಾಳು. ವೈದ್ಯರೂ ದಾದಿಯರೂ ಆಗಿರುವ ಹಳೆಯ ವಿದ್ಯಾರ್ಥಿಗಳು ಪೋಷಕರ ಸಭೆಯ ದಿನದಂದು ತಪಾಸಣೆ ನಡೆಸಿಕೊಡಬಹುದು. ಹತ್ತಿರದ ನಮ್ಮ ಕ್ಲಿನಿಕ್, ಯಲಹಂಕದ ಸಾರ್ವಜನಿಕ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗಳ ದಾರಿಯನ್ನು ಬಡ ಪೋಷಕರಿಗೆ ತೋರಿಸಬಹುದು. ದಾನಿಗಳು ಕಮಾನು ಕಟ್ಟಡಗಳಿಗೆ ನೀಡುವ ಉದಾರತೆಯಲ್ಲಿ ಒಂದು ಪಾಲನ್ನು ಚಿಲಕವುಳ್ಳ, ನೀರುಳ್ಳ, ಕಸದ ಬುಟ್ಟಿಯುಳ್ಳ ಶೌಚಾಲಯಕ್ಕೂ ಅದನ್ನು ದಿನವೂ ತೊಳೆಯುವವರ ಸಂಬಳಕ್ಕೂ ನೀಡಿದರೆ ಅದು ಅನ್ನದಾನ ವಿದ್ಯಾದಾನಗಳಿಗೆ ಕಡಿಮೆಯಾದುದಲ್ಲ. ಅದರ ಗೋಡೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಸಂಕೋಚವಾದೀತು. ಆದರೆ ಆ ಹುಡುಗಿಯರ ಹಾಜರಿ ಪುಸ್ತಕದಲ್ಲಿ ಅದರ ಫಲ ತಿಂಗಳು ತಿಂಗಳೂ ದಾಖಲಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಸ್ತ್ರೀಯರ ಮಟ್ಟಿಗೆ ಊಟದಷ್ಟೇ ಮಾತೂ ರೋಗನಿವಾರಕ. ಮನೆಯಲ್ಲಿ ಆಕೆ ಎಲ್ಲರೊಡನೆ ಕುಳಿತು ಹೊಟ್ಟೆತುಂಬ ಉಂಡು, ನೋವಾದಾಗ ಅದರ ಹೆಸರು ಹಿಡಿದು ಹೇಳುವಂತಾದರೆ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ.